ಇಳಿಯುವಾಗ ಹಿಡಿಯುವ ಬ್ರೇಕು, ಅದರ ಹಿಂದಿರುವ ಒಂದು ಸಣ್ಣ ತಡೆ

ಇವತ್ತಿನ ಕಂತಿನಲ್ಲಿ ರಾಜರಿಲ್ಲ, ಯುದ್ಧ ಇಲ್ಲ. ವಿಮಾನದ ಕಾಕ್‌ಪಿಟ್‌ನಲ್ಲಿ ಪೈಲಟ್ ಕೈಯಡಿ ಒಂದು ಲಿವರ್ ಇರುತ್ತೆ. ಆ ಲಿವರ್ ಹಿಂದಕ್ಕೆ ಸರಿಯೋ ಹಾದಿಯಲ್ಲಿ ಒಂದು ಸಣ್ಣ ತಡೆ ಇರುತ್ತೆ. ಆ ತಡೆಯ ಇತಿಹಾಸ ಇವತ್ತಿನ ವಿಷಯ. ಕೇಳೋಕೆ ತುಂಬಾ ಚಿಕ್ಕದು ಅನ್ನಿಸಬಹುದು. ಆದರೆ ಈ ಚಿಕ್ಕ ವಿಷಯವನ್ನ ಜಗತ್ತು ಪೂರ್ತಿ ಕಲಿಯೋಕೆ ಅರ್ಧ ಶತಮಾನಕ್ಕಿಂತ ಹೆಚ್ಚು ತಗೊಂಡಿದೆ.

2011ರ ಅಕ್ಟೋಬರ್ 13. ಪಪುವಾ ನ್ಯೂಗಿನಿ ದೇಶ. ಲಾಯೆ ಅನ್ನೋ ಊರಿಂದ ಮಡಾಂಗ್ ಅನ್ನೋ ಕರಾವಳಿ ಪಟ್ಟಣಕ್ಕೆ ಏರ್‌ಲೈನ್ಸ್ ಪಿಎನ್‌ಜಿ ಕಂಪನಿಯ ಡ್ಯಾಶ್ 8 ವಿಮಾನ ಹೊರಟಿತ್ತು. ಎರಡು ಪ್ರೊಪೆಲರ್ ಇರೋ ಟರ್ಬೊಪ್ರಾಪ್. ಒಳಗೆ 32 ಜನ. ಪ್ರಯಾಣಿಕರಲ್ಲಿ ಹೆಚ್ಚಿನವರು ಅಪ್ಪ ಅಮ್ಮಂದಿರು. ಮಡಾಂಗ್‌ನ ವಿಶ್ವವಿದ್ಯಾಲಯದಲ್ಲಿ ಓದು ಮುಗಿಸ್ತಿದ್ದ ಮಕ್ಕಳ ಸಮಾರಂಭಕ್ಕೆ ಹೊರಟವರು. ಮಡಾಂಗ್ ಹತ್ತಿರ ಮಳೆಮೋಡ ಕಟ್ಟಿತ್ತು. ಇಳಿಯೋಕೆ ಶುರು ಮಾಡೋದು ತಡವಾಯ್ತು. ತಡ ಆದ್ದರಿಂದ ಇಳಿತ ಕಡಿದಾಯ್ತು. ಕಡಿದಾದ್ದರಿಂದ ವೇಗ ಏರಿತು, ಮಿತಿ ಮೀರಿದೆ ಅಂತ ಎಚ್ಚರಿಕೆ ಸದ್ದು ಬಂತು. ಆಮೇಲೆ ಲಿವರ್‌ಗಳು ಹಿಂದಕ್ಕೆ ಬಂದವು, ಆ ತಡೆಯನ್ನೂ ದಾಟಿ ಬಂದವು. ವಿಮಾನ ಮಡಾಂಗ್ ತಲುಪಲಿಲ್ಲ. ಕಾಡಲ್ಲಿ ಬಿತ್ತು. 28 ಜನ ಸತ್ತರು. ಬದುಕಿದ್ದು ಇಬ್ಬರು ಪೈಲಟ್, ಒಬ್ಬ ಸಿಬ್ಬಂದಿ ಮತ್ತು ಒಬ್ಬರೇ ಒಬ್ಬ ಪ್ರಯಾಣಿಕರು.

ತಡೆ ಇತ್ತು. ಅದನ್ನ ದಾಟಬೇಡಿ ಅನ್ನೋ ನಿಯಮವೂ ಇತ್ತು. ಮತ್ತೆ ಹೇಗೆ ಹೀಗಾಯ್ತು? ಇದಕ್ಕೆ ಉತ್ತರ ಬೇಕು ಅಂದ್ರೆ ಮೊದಲು, ಟರ್ಬೊಪ್ರಾಪ್ ಪೈಲಟ್‌ಗಳು ಕಡಿದಾಗಿ ಇಳಿಯೋದು ಹೇಗೆ ಅಂತ ಅರ್ಥ ಮಾಡಿಕೊಳ್ಳಬೇಕು.

ಎತ್ತರ ಅನ್ನೋ ಬ್ಯಾಲೆನ್ಸು

ನಾನು ಓದಿದ್ದು ಬಿ.ಕಾಂ. ಹಾಗಾಗಿ ನನಗೆ ಇದು ಲೆಕ್ಕದ ಭಾಷೆಯಲ್ಲೇ ಅರ್ಥ ಆಗೋದು. ಹಾರ್ತಾ ಇರೋ ವಿಮಾನದ ಹತ್ತಿರ ಎರಡು ಖಾತೆ ಇವೆ. ಒಂದು ಎತ್ತರ, ಇನ್ನೊಂದು ವೇಗ. ಇಳಿಯೋದು ಅಂದ್ರೆ ಎತ್ತರದ ಖಾತೆಯಿಂದ ತೆಗೆಯೋದು. ತೆಗೆದದ್ದು ಎಲ್ಲಿಗೋ ಹೋಗಲೇಬೇಕು. ಸುಮ್ಮನೆ ಮೂಗು ಕೆಳಗೆ ಮಾಡಿದರೆ ಅದು ನೇರವಾಗಿ ವೇಗದ ಖಾತೆಗೆ ಜಮಾ ಆಗುತ್ತೆ. ವೇಗ ಜಾಸ್ತಿ ಆಗದೆ ಕೆಳಗೆ ಬರಬೇಕು ಅಂದ್ರೆ ಖರ್ಚು ಮಾಡೋ ದಾರಿ ಬೇಕು. ಗಾಳಿಯ ಎಳೆತವೇ ಆ ಖರ್ಚು.

ಮಾಮೂಲಿ ಇಳಿತ 3 ಡಿಗ್ರಿ. ಅಂದ್ರೆ ಒಂದು ನಾಟಿಕಲ್ ಮೈಲಿ ಮುಂದೆ ಹೋಗೋಷ್ಟರಲ್ಲಿ ಸುಮಾರು 320 ಅಡಿ ಕೆಳಗೆ. ಪೈಲಟ್‌ಗಳು ಇದನ್ನ ಬಾಯಿಲೆಕ್ಕದಲ್ಲೇ ಮಾಡ್ತಾರೆ. ಎಷ್ಟು ಸಾವಿರ ಅಡಿ ಇಳಿಯಬೇಕೋ ಅದನ್ನ 3ರಿಂದ ಗುಣಿಸಿದರೆ, ಎಷ್ಟು ಮೈಲಿ ಮುಂಚೆ ಇಳಿಯೋಕೆ ಶುರು ಮಾಡಬೇಕು ಅಂತ ಗೊತ್ತಾಗುತ್ತೆ. 15,000 ಅಡಿ ಇಳಿಬೇಕಾ? 45 ಮೈಲಿ ಮೊದಲೇ ಶುರು ಮಾಡಿ. ಕಡಿದಾದ ಇಳಿತವನ್ನ ನಿಭಾಯಿಸೋ ಮೊದಲ ಉಪಾಯವೇ ಇದು: ಮುಂಚೆ ಲೆಕ್ಕ ಹಾಕಿ, ಅಂಥ ಪರಿಸ್ಥಿತಿಯೇ ಬರದ ಹಾಗೆ ನೋಡಿಕೊಳ್ಳೋದು.

ಆದರೆ ಮೋಡ ಅಡ್ಡ ಬರುತ್ತೆ, ಬೆಟ್ಟ ಅಡ್ಡ ಬರುತ್ತೆ, ಕಂಟ್ರೋಲರ್ ಸ್ವಲ್ಪ ಹೊತ್ತು ಮೇಲೇ ಇರಿ ಅಂತಾರೆ. ಆಗ ಎತ್ತರ ಉಳಿದುಬಿಡುತ್ತೆ. ಜೆಟ್ ವಿಮಾನಕ್ಕೆ ಇದು ದೊಡ್ಡ ತಲೆನೋವು. ಅದರ ಮೈ ನಯ, ಇಂಜಿನ್ ಪೂರ್ತಿ ಇಳಿಸಿದರೂ ಸ್ವಲ್ಪ ತಳ್ಳುತ್ತಾನೇ ಇರುತ್ತೆ. ಒಂದೇ ಸಲಕ್ಕೆ ಇಳಿಯೋದೂ ನಿಧಾನ ಆಗೋದೂ ಅದಕ್ಕೆ ಕಷ್ಟ. 2010ರ ಮೇ 22ರ ಮಂಗಳೂರು ನಮಗ್ಯಾರಿಗೂ ಮರೆತಿಲ್ಲ. 158 ಜನ ಸತ್ತರು, 8 ಜನ ಉಳಿದರು. ಅವತ್ತು ಆ ಬೋಯಿಂಗ್ 737 ಇರಬೇಕಾದ್ದಕ್ಕಿಂತ ತುಂಬಾ ಎತ್ತರದಲ್ಲಿತ್ತು, ಆ ಎತ್ತರವನ್ನ ಕಡೇ ಕೆಲವು ಮೈಲಿಯಲ್ಲಿ ಖರ್ಚು ಮಾಡೋಕೆ ಹೋಯ್ತು, ವೇಗ ಉಳಿಯಿತು, ರನ್‌ವೇ ಉಳಿಯಲಿಲ್ಲ.

ಟರ್ಬೊಪ್ರಾಪ್‌ಗೆ ಇಲ್ಲೊಂದು ಅನುಕೂಲ ಇದೆ. ಪ್ರೊಪೆಲರ್‌ನ ಪ್ರತಿ ಬ್ಲೇಡೂ ತನ್ನ ಬುಡದಲ್ಲಿ ತಿರುಗಿ ಕೋನ ಬದಲಿಸಬಲ್ಲದು. ಹಾರುವಾಗ ಬ್ಲೇಡು ಗಾಳಿಯನ್ನ ದಪ್ಪಗೆ ಕೊರೆಯುತ್ತೆ. ಪೈಲಟ್ ಶಕ್ತಿ ಇಳಿಸಿದರೆ, ಪ್ರೊಪೆಲರ್‌ನ ಸುತ್ತು ಅಷ್ಟೇ ಇರಲಿ ಅಂತ ಗವರ್ನರ್ ಅನ್ನೋ ಸಾಧನ ಕೋನವನ್ನ ಕಡಿಮೆ ಮಾಡ್ತಾ ಹೋಗುತ್ತೆ. ಕೊನೆಗೆ ಬ್ಲೇಡು ಎಷ್ಟು ಚಪ್ಪಟೆ ಆಗುತ್ತೆ ಅಂದ್ರೆ, ಪ್ರೊಪೆಲರ್ ವಿಮಾನವನ್ನ ಎಳೆಯೋ ಬದಲು ಎದುರು ಬರೋ ಗಾಳಿಯೇ ಪ್ರೊಪೆಲರನ್ನ ತಿರುಗಿಸೋಕೆ ಶುರು ಮಾಡುತ್ತೆ. ಆ ಇಡೀ ವೃತ್ತ ಗಾಳಿಗೆ ಒಡ್ಡಿದ ದೊಡ್ಡ ತಟ್ಟೆ ಥರ ಆಗುತ್ತೆ. ಒಳ್ಳೇ ಬ್ರೇಕು.

ಘಾಟಿ ಇಳಿಯೋ ಬಸ್ ನೆನಪು ಮಾಡಿಕೊಳ್ಳಿ. ಆಗುಂಬೆಯಲ್ಲಾಗಲಿ ಚಾರ್ಮಾಡಿಯಲ್ಲಾಗಲಿ, ಅನುಭವಿ ಡ್ರೈವರ್ ಬ್ರೇಕ್ ಪೆಡಲನ್ನೇ ನಂಬಿ ಇಳಿಯಲ್ಲ. ಗೇರ್ ಇಳಿಸ್ತಾರೆ. ಇಂಜಿನ್ನೇ ಬಸ್ಸನ್ನ ಹಿಡಿದುಕೊಳ್ಳುತ್ತೆ. ಟರ್ಬೊಪ್ರಾಪ್‌ನಲ್ಲೂ ಹೆಚ್ಚೂಕಡಿಮೆ ಅದೇ. ಬೆಂಗಳೂರಿಂದ ಹುಬ್ಬಳ್ಳಿಗೋ ಮೈಸೂರಿಗೋ ಎಟಿಆರ್‌ನಲ್ಲಿ ಹೋದವರು ಇಳಿಯುವಾಗ ಪ್ರೊಪೆಲರ್ ಸದ್ದು ಬದಲಾಗೋದನ್ನ ಕೇಳಿರ್ತೀರಿ. ರೆಕ್ಕೆ ಪಕ್ಕದ ಸೀಟು ಸಿಕ್ಕಿದಾಗಲೆಲ್ಲ ನಾನು ಆ ಸದ್ದಿಗೆ ಕಾಯ್ತೀನಿ.

ಹೊಸ ಇಂಜಿನ್, ಹೊಸ ಅಪಾಯ

ಟರ್ಬೊಪ್ರಾಪ್‌ಗಿಂತ ಮುಂಚೆ ಇದ್ದದ್ದು ಪಿಸ್ಟನ್ ಇಂಜಿನ್‌ಗಳು. ಅವುಗಳಲ್ಲಿ ಎತ್ತರದಿಂದ ಒಮ್ಮೆಗೇ ಶಕ್ತಿ ಇಳಿಸಿ ಧುಮುಕಿದರೆ ಬಿಸಿ ಸಿಲಿಂಡರ್‌ಗಳು ಬೇಗ ತಣ್ಣಗಾಗಿ ಇಂಜಿನ್‌ಗೆ ಹಾನಿ ಆಗಬಹುದು ಅನ್ನೋ ಭಯ. ಹಾಗಾಗಿ ಪೈಲಟ್‌ಗಳು ಸ್ವಲ್ಪ ಸ್ವಲ್ಪವೇ ಶಕ್ತಿ ಇಳಿಸ್ತಾ ಬರೋರು. ಟರ್ಬೈನ್ ಇಂಜಿನ್‌ಗೆ ಆ ತೊಂದರೆ ಇಲ್ಲ.

1948ರ ಜುಲೈ 16ರಂದು ಬ್ರಿಟನ್ನಿನಲ್ಲಿ ವಿಕರ್ಸ್ ವೈಕೌಂಟ್ ಮೊದಲ ಸಲ ಹಾರಿತು. 1950ರ ಜುಲೈ 29ರಂದು ಲಂಡನ್ನಿನ ನಾರ್ತೋಲ್ಟ್‌ನಿಂದ ಪ್ಯಾರಿಸ್‌ಗೆ ಪ್ರಯಾಣಿಕರನ್ನ ಹೊತ್ತು ಹೋಯ್ತು. ವೇಳಾಪಟ್ಟಿ ಹಾಕಿ ಓಡಿದ ಜಗತ್ತಿನ ಮೊದಲ ಟರ್ಬೊಪ್ರಾಪ್ ಸೇವೆ ಅದು. ಭಾರತದಲ್ಲಿ ಇಂಡಿಯನ್ ಏರ್‌ಲೈನ್ಸ್ 1957ರಿಂದ ವೈಕೌಂಟ್ ಓಡಿಸಿತು.

ವೈಕೌಂಟ್‌ನ ರೋಲ್ಸ್ ರಾಯ್ಸ್ ಡಾರ್ಟ್ ಇಂಜಿನ್‌ನಲ್ಲಿ ಪ್ರೊಪೆಲರ್ ಮತ್ತು ಟರ್ಬೈನ್ ಒಂದೇ ದಂಡಕ್ಕೆ ಗೇರ್ ಮೂಲಕ ಸೇರಿಕೊಂಡಿದ್ದವು. ಸ್ಟಾರ್ಟ್ ಮಾಡಬೇಕು ಅಂದ್ರೆ ಪ್ರೊಪೆಲರೂ ಜೊತೆಗೇ ತಿರುಗಬೇಕು. ಅದು ಹಗುರವಾಗಿ ತಿರುಗಬೇಕು ಅಂದ್ರೆ ಬ್ಲೇಡು ಪೂರ್ತಿ ಚಪ್ಪಟೆ ಆಗಿರಬೇಕು. ನೆಲ ಮುಟ್ಟಿದ ಮೇಲೆ ಓಟ ನಿಲ್ಲಿಸೋಕೂ ಅದೇ ಚಪ್ಪಟೆ ಕೋನ ಬೇಕು. ಆದರೆ ಅದೇ ಕೋನ ಆಕಾಶದಲ್ಲಿ ಬಂದುಬಿಟ್ಟರೆ ಅನಾಹುತ. ಅಂದ್ರೆ ಒಂದೇ ಬ್ಲೇಡಿಗೆ ಎರಡು ಜೀವನ. ಗಾಳಿಯಲ್ಲಿ ಒಂದು ಮಿತಿ, ನೆಲದ ಮೇಲೆ ಇನ್ನೊಂದು ಮಿತಿ. ಮಧ್ಯ ಒಂದು ತಡೆ ಬೇಕೇ ಬೇಕು ಅಂತ ಎಂಜಿನಿಯರ್‌ಗಳಿಗೆ ಮೊದಲ ದಿನದಿಂದಲೇ ಗೊತ್ತಿತ್ತು.

1956ರ ಫೆಬ್ರುವರಿ 20ರಂದು ಅಮೆರಿಕದ ಶಿಕಾಗೊ ಮಿಡ್‌ವೇ ನಿಲ್ದಾಣದಲ್ಲಿ ಕ್ಯಾಪಿಟಲ್ ಏರ್‌ಲೈನ್ಸ್‌ನ ಒಂದು ವೈಕೌಂಟ್ ಇಳಿಯೋಕೆ ಬರ್ತಿತ್ತು. ಇನ್ನೇನು ರನ್‌ವೇ ಬಂತು ಅನ್ನೋವಾಗ ಪ್ರೊಪೆಲರ್ ನಿಯಂತ್ರಣದ ಸ್ವಿಚ್‌ಗಳು ಕೆಟ್ಟವು, ಬ್ಲೇಡುಗಳು ನೆಲದ ಕೋನಕ್ಕೆ ಹೋದವು, ವಿಮಾನದ ಎತ್ತುವ ಬಲ ದಿಢೀರ್ ಕುಸಿದು ರನ್‌ವೇಗಿಂತ ಹಿಂದೆಯೇ ಬಡಿಯಿತು. ಅದೃಷ್ಟಕ್ಕೆ ಎಲ್ಲರೂ ಬದುಕಿದರು.

ಎತ್ತುವ ಬಲ ಯಾಕೆ ಕುಸಿಯಿತು? ರೆಕ್ಕೆಯ ಮುಂದೆ ಇರೋ ಪ್ರೊಪೆಲರ್ ಗಾಳಿಯನ್ನ ರೆಕ್ಕೆ ಮೇಲೆ ಬೀಸ್ತಾ ಇರುತ್ತೆ. ಆ ಬೀಸುಗಾಳಿಯೂ ರೆಕ್ಕೆಯನ್ನ ಎತ್ತುತ್ತೆ. ಬ್ಲೇಡು ಚಪ್ಪಟೆ ಆದ ಕ್ಷಣ ಬೀಸುಗಾಳಿ ನಿಲ್ಲುತ್ತೆ, ಜೊತೆಗೆ ಪ್ರೊಪೆಲರ್ ಹಿಂದಿನ ರೆಕ್ಕೆಗೆ ಗಾಳಿಯೇ ಸರಿಯಾಗಿ ಸಿಗಲ್ಲ. ಅದಕ್ಕೇ ನೆಲದ ಹತ್ತಿರ ಶಕ್ತಿಯನ್ನ ಒಮ್ಮೆಗೇ ಕಿತ್ತುಕೊಳ್ಳಬೇಡಿ ಅಂತ ಇವತ್ತಿಗೂ ಟರ್ಬೊಪ್ರಾಪ್ ಪೈಲಟ್‌ಗಳಿಗೆ ಕಲಿಸ್ತಾರೆ.

ಕಡಿದಾದ ಇಳಿತವೇ ಕಸುಬಾದಾಗ

1960ರ ದಶಕದಲ್ಲಿ ಕಥೆಗೆ ಕೆನಡಾ ಬರುತ್ತೆ. ಡಿ ಹ್ಯಾವಿಲ್ಯಾಂಡ್ ಕೆನಡಾ ಅನ್ನೋ ಕಂಪನಿ ಚಿಕ್ಕ ರನ್‌ವೇ, ಕಾಡು, ಬೆಟ್ಟ ಇರೋ ಜಾಗಗಳಿಗೆ ಅಂತಲೇ ವಿಮಾನ ಮಾಡ್ತಿತ್ತು. 1965ರ ಮೇ 20ರಂದು ಅದರ ಟ್ವಿನ್ ಆಟರ್ ಹಾರಿತು. ಇವತ್ತಿಗೂ ನೇಪಾಳದ ಲುಕ್ಲಾದಲ್ಲಿ ಎವರೆಸ್ಟ್ ಚಾರಣಿಗರನ್ನ ಇಳಿಸೋ ವಿಮಾನಗಳಲ್ಲಿ ಅದೂ ಒಂದು.

ಲುಕ್ಲಾ ನಿಲ್ದಾಣವನ್ನ 1964ರಲ್ಲಿ ಎಡ್ಮಂಡ್ ಹಿಲರಿ ಮುತುವರ್ಜಿಯಲ್ಲಿ ಕಟ್ಟಿದ್ದು. ಸಮುದ್ರಮಟ್ಟದಿಂದ ಸುಮಾರು 2,800 ಮೀಟರ್ ಮೇಲೆ. ರನ್‌ವೇ ಬರೀ 527 ಮೀಟರ್, ಅದೂ ಏರು. ಈ ತುದಿಯಿಂದ ಆ ತುದಿಗೆ ಸುಮಾರು ಶೇ. 12ರಷ್ಟು ಏರು. ಆ ಕಡೆ ಬೆಟ್ಟದ ಗೋಡೆ, ಈ ಕಡೆ ಕಣಿವೆ. ಇಲ್ಲಿ ಪೈಲಟ್‌ನ ಲೆಕ್ಕ ವಿಚಿತ್ರ. ವಿಮಾನ ಕೆಳಗೆ ಬರ್ತಾ ಇದೆ, ನೆಲ ಮೇಲೆ ಬರ್ತಾ ಇದೆ. ಎರಡೂ ಕೋನ ಸೇರಿ ಭೇಟಿ ಮಾಡ್ತವೆ. ಸಮತಟ್ಟು ರನ್‌ವೇಯಲ್ಲಿ ಕೊನೆಗೆ ಮೂಗು ಎಷ್ಟು ಎತ್ತಬೇಕೋ ಅದಕ್ಕಿಂತ ಜಾಸ್ತಿ ಇಲ್ಲಿ ಎತ್ತಬೇಕು, ಸ್ವಲ್ಪ ಮುಂಚೆಯೇ ಎತ್ತಬೇಕು, ಅದಕ್ಕೆ ಬೇಕಾದ ವೇಗ ಕೈಯಲ್ಲಿ ಉಳಿದಿರಬೇಕು. ಕಣಿವೆಯೊಳಗೆ ಒಂದು ಹಂತ ದಾಟಿದ ಮೇಲೆ ಮತ್ತೆ ಮೇಲೇರಿ ಬರ್ತೀನಿ ಅನ್ನೋ ಅವಕಾಶವೇ ಇಲ್ಲ.

ಬೆಟ್ಟದಲ್ಲಿ ಕಲಿತ ಈ ವಿದ್ಯೆಯನ್ನ ನಗರಕ್ಕೆ ತಂದದ್ದು ಅದೇ ಕಂಪನಿಯ ಡ್ಯಾಶ್ 7. ನಾಲ್ಕು ಪ್ರೊಪೆಲರ್, 1975ರಲ್ಲಿ ಮೊದಲ ಹಾರಾಟ. ನಾಲ್ಕರ ಬೀಸುಗಾಳಿಯೂ ರೆಕ್ಕೆ ಮತ್ತು ದೊಡ್ಡ ಫ್ಲ್ಯಾಪ್‌ಗಳ ಮೇಲೆ ಬೀಳೋ ಹಾಗೆ ವಿನ್ಯಾಸ. ನಿಧಾನವಾಗಿ, ಕಡಿದಾಗಿ, ಸದ್ದು ಕಡಿಮೆ ಮಾಡಿ ಇಳಿಯಬಲ್ಲ ವಿಮಾನ. 1982ರ ಜೂನ್ 27ರಂದು ಬ್ರೈಮನ್ ಏರ್‌ವೇಸ್‌ನ ಕ್ಯಾಪ್ಟನ್ ಹ್ಯಾರಿ ಗೀ ಲಂಡನ್ನಿನ ಪಾಳುಬಿದ್ದ ಹಡಗುಕಟ್ಟೆಯ ಹೆರನ್ ಕೀಸ್‌ನಲ್ಲಿ ಒಂದು ಡ್ಯಾಶ್ 7 ಇಳಿಸಿ ತೋರಿಸಿದರು. ಊರ ಮಧ್ಯೆ ವಿಮಾನ ನಿಲ್ದಾಣ ಸಾಧ್ಯ ಅನ್ನೋದಕ್ಕೆ ಅದು ಪ್ರಾತ್ಯಕ್ಷಿಕೆ. 1987ರಲ್ಲಿ ಲಂಡನ್ ಸಿಟಿ ವಿಮಾನ ನಿಲ್ದಾಣ ಶುರುವಾಯ್ತು. ರನ್‌ವೇ 1,080 ಮೀಟರ್. ಇಳಿತದ ಕೋನ 7.5 ಡಿಗ್ರಿ.

7.5 ಡಿಗ್ರಿ ಅಂದ್ರೆ ಒಂದು ನಾಟಿಕಲ್ ಮೈಲಿಗೆ ಸುಮಾರು 800 ಅಡಿ. ಮಾಮೂಲಿ ಇಳಿತದ ಎರಡೂವರೆ ಪಟ್ಟು. ಕಾಕ್‌ಪಿಟ್‌ನಿಂದ ನೋಡಿದರೆ ರನ್‌ವೇ ಮುಂದೆ ಇರೋ ಬದಲು ಕೆಳಗೇ ಇದೆ ಅನ್ನಿಸಬಹುದು. ಆಮೇಲೆ 1992ರಲ್ಲಿ ರನ್‌ವೇ ಉದ್ದ ಮಾಡಿ, ಬಿಎಇ 146ನಂಥ ಜೆಟ್‌ಗಳೂ ಬರಲಿ ಅಂತ ಕೋನವನ್ನ 5.5 ಡಿಗ್ರಿಗೆ ಇಳಿಸಿದರು. ಜೆಟ್‌ಗೋಸ್ಕರ ಇಳಿಜಾರನ್ನೇ ತಗ್ಗಿಸಬೇಕಾಯ್ತು ಅನ್ನೋದನ್ನ ಗಮನಿಸಿ. ಟರ್ಬೊಪ್ರಾಪ್‌ನ ಬ್ರೇಕು ಎಷ್ಟು ಗಟ್ಟಿ ಅಂತ ಇದರಿಂದಲೇ ಗೊತ್ತಾಗುತ್ತೆ.

ಇಂಥ ಇಳಿತವನ್ನ ಸರಿಯಾಗಿ ಮಾಡೋ ಕ್ರಮ ಹೀಗಿದೆ. ಮೊದಲು ಸಮತಟ್ಟಾಗಿ ಹಾರುವಾಗಲೇ ವೇಗ ಇಳಿಸಿಕೊಳ್ಳಬೇಕು. ಇಳಿಯೋಕೆ ಶುರು ಮಾಡಿದ ಮೇಲೆ ನಿಧಾನ ಆಗ್ತೀನಿ ಅಂದ್ರೆ ಆಗಲ್ಲ. ವೇಗ ಮಿತಿಯೊಳಗೆ ಬಂದ ಮೇಲೆ ಫ್ಲ್ಯಾಪ್, ಚಕ್ರ. ಚಕ್ರ ಇಳಿಸಿದರೆ ಅದೇ ಒಂದು ಬ್ರೇಕು. ಪ್ರೊಪೆಲರ್ ಸುತ್ತನ್ನ ಹೆಚ್ಚಿಸಿದರೆ ಅದೂ ಎಳೆತ ಹೆಚ್ಚಿಸುತ್ತೆ. ಪವರ್ ಲಿವರ್ ಹಿಂದಕ್ಕೆ, ಆದರೆ ಫ್ಲೈಟ್ ಐಡಲ್ ಅನ್ನೋ ತಡೆಯ ತನಕ ಮಾತ್ರ. ನಿಗದಿತ ಎತ್ತರಕ್ಕೆ ಬರೋಷ್ಟರಲ್ಲಿ ವೇಗ, ಕೋನ, ಶಕ್ತಿ ಎಲ್ಲ ಸ್ಥಿರ ಆಗಿರಬೇಕು. ಆಗಿಲ್ಲ ಅಂದ್ರೆ ವಾದ ಇಲ್ಲ, ಮೇಲೇರಿ ಸುತ್ತು ಹಾಕಿ ಮತ್ತೆ ಬರಬೇಕು. ಜಾಗ ಇದ್ದರೆ ಮೊದಲೇ ಒಂದು ಸುತ್ತು ಹೊಡೆದು ಎತ್ತರ ಕಳೆದುಕೊಂಡು ಬರೋದೂ ಒಂದು ಮರ್ಯಾದೆಯ ದಾರಿಯೇ.

ಗಟ್ಟಿ ಬ್ರೇಕಿನ ಆಸೆ

ಈಗ ಮುಖ್ಯ ವಿಷಯಕ್ಕೆ ಬರ್ತೀನಿ. ಆ ತಡೆಯ ಹಿಂದೆ ಏನಿದೆ?

ಫ್ಲೈಟ್ ಐಡಲ್‌ನಿಂದ ಹಿಂದಕ್ಕೆ ಬೀಟಾ ಅನ್ನೋ ವಲಯ. ಅಲ್ಲಿ ಗವರ್ನರ್ ಮಾತು ನಡೆಯಲ್ಲ. ಬ್ಲೇಡಿನ ಕೋನವನ್ನ ನೇರವಾಗಿ ಲಿವರ್ರೇ ನಿರ್ಧರಿಸುತ್ತೆ. ನೆಲದ ಮೇಲೆ ಓಡಾಡೋಕೆ, ಹಿಂದಕ್ಕೆ ಸರಿಯೋಕೆ, ಇಳಿದ ಮೇಲೆ ನಿಲ್ಲಿಸೋಕೆ ಅದು ಬೇಕು. ಅದೇ ಬೀಟಾ ಗಾಳಿಯಲ್ಲಿ ವೇಗವಾಗಿ ಹೋಗುವಾಗ ಸಿಕ್ಕಿದರೆ ಏನಾಗುತ್ತೆ? ಘಾಟಿ ಬಸ್ಸಿಗೆ ವಾಪಸ್ ಬನ್ನಿ. ಗಂಟೆಗೆ 80 ಕಿ.ಮೀ. ವೇಗದಲ್ಲಿ ಇಳಿತಾ ಇರೋ ಬಸ್ಸನ್ನ ಒಮ್ಮೆಗೇ ಫಸ್ಟ್ ಗೇರ್‌ಗೆ ಹಾಕಿದರೆ ಇಂಜಿನ್ ಕಿರುಚುತ್ತೆ, ಒಳಗಿನ ಭಾಗ ಒಡೆಯುತ್ತೆ. ಇಲ್ಲೂ ಹಾಗೇ. ಚಪ್ಪಟೆ ಬ್ಲೇಡುಗಳನ್ನ ಗಾಳಿ ಹುಚ್ಚುಚ್ಚಾಗಿ ತಿರುಗಿಸುತ್ತೆ. ಪ್ರೊಪೆಲರ್ ಮಿತಿ ಮೀರಿ ಸುತ್ತುತ್ತೆ, ಇಂಜಿನ್ ಹಾಳಾಗುತ್ತೆ, ರೆಕ್ಕೆಯ ಬಲ ಹೋಗುತ್ತೆ.

ಕೆಲವು ವಿಮಾನಗಳಿಗೆ ಇದಕ್ಕೆ ಅನುಮತಿ ಇದೆ. ಸ್ವಿಟ್ಜರ್‌ಲ್ಯಾಂಡಿನ ಒಂಟಿ ಇಂಜಿನ್ನಿನ ಪಿಲಾಟಸ್ ಪೋರ್ಟರ್ ಪ್ರಸಿದ್ಧ ಉದಾಹರಣೆ. ಅದು ಗಾಳಿಯಲ್ಲೇ ಬೀಟಾ ಬಳಸಿ ಕಲ್ಲು ಬಿದ್ದ ಹಾಗೆ ಇಳಿಯುತ್ತೆ. ಆದರೆ ಅದನ್ನ ಅದಕ್ಕೆಂದೇ ವಿನ್ಯಾಸ ಮಾಡಿ, ವೇಗದ ಮಿತಿ ಹಾಕಿ, ಪರೀಕ್ಷೆ ಮಾಡಿ ಅನುಮತಿ ಕೊಟ್ಟಿದ್ದು. ಪ್ರಯಾಣಿಕರ ದೊಡ್ಡ ಟರ್ಬೊಪ್ರಾಪ್‌ಗಳಲ್ಲಿ ಅದು ನಿಷಿದ್ಧ.

ಆದರೂ ಆಸೆ ಹೋಗಲಿಲ್ಲ. 1994ರ ಫೆಬ್ರುವರಿ 1ರಂದು ಅಮೆರಿಕದ ಲೂಸಿಯಾನಾದಲ್ಲಿ ಸಾಬ್ 340 ಟರ್ಬೊಪ್ರಾಪ್ ಬ್ಯಾಟನ್ ರೂಜ್ ಕಡೆ ಇಳಿತಿತ್ತು. ಕ್ಯಾಪ್ಟನ್ ಪವರ್ ಲಿವರ್‌ಗಳನ್ನ ತಡೆಯ ಹಿಂದಕ್ಕೆ ತಂದರು. ಪ್ರೊಪೆಲರ್‌ಗಳು ಮಿತಿ ಮೀರಿದವು, ಎರಡೂ ಇಂಜಿನ್ ಸತ್ತವು. ಹತ್ತಿರದಲ್ಲಿದ್ದ ಫಾಲ್ಸ್ ರಿವರ್ ಅನ್ನೋ ಚಿಕ್ಕ ನಿಲ್ದಾಣದಲ್ಲಿ ಹೇಗೋ ಇಳಿಸಿದರು. ಯಾರೂ ಸಾಯಲಿಲ್ಲ. ಅಮೆರಿಕ ಇದರಿಂದ ಪಾಠ ಕಲಿಯಿತು. ಮುಂದಿನ ವರ್ಷಗಳಲ್ಲಿ ಹಾರಾಟದಲ್ಲಿ ತಡೆ ದಾಟೋದು ನಿಷಿದ್ಧ ಅಂತ ಕೈಪಿಡಿಗಳಲ್ಲಿ ಸ್ಪಷ್ಟವಾಗಿ ಬರೆಯಬೇಕು ಅಂತ ಅಲ್ಲಿನ ವಿಮಾನಯಾನ ನಿಯಂತ್ರಕ ಸಂಸ್ಥೆ ಎಫ್‌ಎಎ ಹಲವು ಟರ್ಬೊಪ್ರಾಪ್ ಮಾದರಿಗಳಿಗೆ ಆದೇಶ ಹೊರಡಿಸಿತು. ಡ್ಯಾಶ್ 8ಕ್ಕೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಯ್ತು: ಬೀಟಾ ಲಾಕ್‌ಔಟ್ ಅನ್ನೋ ವ್ಯವಸ್ಥೆ ಕಡ್ಡಾಯ. ಪೈಲಟ್ ಲಿವರ್ ಎಳೆದರೂ ಗಾಳಿಯಲ್ಲಿ ಪ್ರೊಪೆಲರ್ ಆ ಕೋನಕ್ಕೆ ಹೋಗೋಕೆ ಬಿಡದ ಬೀಗ ಅದು. ಆದರೆ ಈ ಆದೇಶ ಅಮೆರಿಕಕ್ಕೆ ಮಾತ್ರ.

2002ರ ನವೆಂಬರ್ 6. ಬರ್ಲಿನ್‌ನಿಂದ ಲಕ್ಸೆಂಬರ್ಗ್‌ಗೆ ಲಕ್ಸ್‌ಏರ್‌ನ ಫೋಕರ್ 50. ಮಂಜು ಕವಿದಿತ್ತು. ಇಳಿಯೋದು ಬೇಡ, ಮೇಲೇರೋಣ ಅಂದುಕೊಂಡಿದ್ದರು. ಅಷ್ಟರಲ್ಲಿ ಮಂಜು ಸ್ವಲ್ಪ ಕರಗಿದೆ ಅಂತ ಮಾಹಿತಿ ಬಂತು, ಮನಸ್ಸು ಬದಲಾಯಿಸಿದರು. ಆದರೆ ಅಷ್ಟು ಹೊತ್ತಿಗೆ ಇಳಿಜಾರಿನ ದಾರಿ ಅವರ ಕೆಳಗೆ ಹೋಗಿತ್ತು. ಎತ್ತರ ಉಳಿದಿತ್ತು. ಲಿವರ್‌ಗಳು ತಡೆ ದಾಟಿದವು. ಫೋಕರ್ 50ಯಲ್ಲಿ ಎರಡನೇ ತಡೆಯೂ ಇತ್ತು, ವಿದ್ಯುತ್ತಿನಿಂದ ಕೆಲಸ ಮಾಡೋದು. ಚಕ್ರ ಕೆಳಗಿಳಿದ ಕೂಡಲೇ ಕೆಲವು ಸೆಕೆಂಡು ಆ ಎರಡನೇ ತಡೆ ತಾನಾಗೇ ತೆರೆದುಕೊಳ್ಳೋ ದೋಷ ಅದರಲ್ಲಿತ್ತು. ಅದನ್ನ ಸರಿಪಡಿಸೋ ಮಾರ್ಪಾಡೂ ಲಭ್ಯ ಇತ್ತು, ಕಡ್ಡಾಯ ಆಗಿರಲಿಲ್ಲ. ಆ ಕೆಲವು ಸೆಕೆಂಡಿನಲ್ಲೇ ಪ್ರೊಪೆಲರ್‌ಗಳು ನೆಲದ ಕೋನಕ್ಕೆ ಹೋದವು. 22 ಜನರಲ್ಲಿ 20 ಜನ ಸತ್ತರು.

15 ತಿಂಗಳ ನಂತರ, 2004ರ ಫೆಬ್ರುವರಿ 10. ಇರಾನಿನ ಕಿಶ್ ದ್ವೀಪದಿಂದ ಶಾರ್ಜಾಕ್ಕೆ ಕಿಶ್ ಏರ್‌ನ ವಿಮಾನ. ಮತ್ತೆ ಫೋಕರ್ 50. ಗಲ್ಫ್‌ನಲ್ಲಿ ದುಡಿಯೋರು ವೀಸಾ ಬದಲಿಸಿಕೊಳ್ಳೋಕೆ ಆ ಕಾಲದಲ್ಲಿ ಕಿಶ್‌ಗೆ ಹೋಗಿ ಬರೋದು ಮಾಮೂಲಿ. ನಮ್ಮ ಕರಾವಳಿಯ ಎಷ್ಟೋ ಮನೆಯವರಿಗೆ ಆ ಪ್ರಯಾಣ ಗೊತ್ತು. ಆ ವಿಮಾನದಲ್ಲೂ ಭಾರತೀಯರಿದ್ದರು. ಇಳಿಯೋಕೆ ಬರುವಾಗ ವೇಗ ಹೆಚ್ಚಿತ್ತು. ಲಿವರ್‌ಗಳು ಮತ್ತೆ ತಡೆಯ ಹಿಂದಕ್ಕೆ ಹೋದವು. 46 ಜನರಲ್ಲಿ 43 ಜನ ಸತ್ತರು.

ಒಂದು ದೇಶದ ನಿಯಮ

ಈಗ ಮಡಾಂಗ್‌ಗೆ ವಾಪಸ್ ಹೋಗೋಣ. ಪಪುವಾ ನ್ಯೂಗಿನಿಯ ತನಿಖಾ ಆಯೋಗದ ವರದಿಯಲ್ಲಿ ಬಂದ ವಿವರ ನೋಡಿ. ಎರಡೂ ಪ್ರೊಪೆಲರ್ ಒಟ್ಟೊಟ್ಟಿಗೇ ಮಿತಿಗಿಂತ ಶೇ. 60ಕ್ಕೂ ಹೆಚ್ಚು ವೇಗವಾಗಿ ಸುತ್ತಿದವು. ಕಾಕ್‌ಪಿಟ್‌ನಲ್ಲಿ ಒಬ್ಬರ ಮಾತು ಒಬ್ಬರಿಗೆ ಕೇಳದಷ್ಟು ಸದ್ದು. ಎರಡೂ ಇಂಜಿನ್‌ನಿಂದ ಬಲ ಸಿಗದ ಹಾಗಾಯ್ತು. ಮಡಾಂಗ್ ಇನ್ನೂ 30 ಕಿ.ಮೀ.ಗಿಂತ ಹೆಚ್ಚು ದೂರ ಇತ್ತು.

ಆ ವಿಮಾನದಲ್ಲಿ ತಡೆ ಇತ್ತು. ಬೆರಳಿಂದ ಟ್ರಿಗರ್ ಎತ್ತಿದರೆ ಮಾತ್ರ ಲಿವರ್ ಹಿಂದಕ್ಕೆ ಹೋಗೋದು. ಬೀಟಾ ಲಾಕ್‌ಔಟ್ ಇರಲಿಲ್ಲ. ಅದು ಕಡ್ಡಾಯ ಇದ್ದದ್ದು ಅಮೆರಿಕದಲ್ಲಿ. ಅಂದ್ರೆ ಅದೇ ಕಾರ್ಖಾನೆಯ ಅದೇ ಮಾದರಿಯ ವಿಮಾನ ಅಮೆರಿಕದ ಆಕಾಶದಲ್ಲಿ ಹಾರಿದರೆ ಒಳಗೆ ಬೀಗ ಇರಬೇಕು, ಪಪುವಾ ನ್ಯೂಗಿನಿಯ ಆಕಾಶದಲ್ಲಿ ಹಾರಿದರೆ ಬೇಕಿಲ್ಲ. ಅಪಘಾತದ ನಂತರ, ವಿಮಾನ ತಯಾರಾದ ದೇಶದ ನಿಯಂತ್ರಕರಾದ ಟ್ರಾನ್ಸ್‌ಪೋರ್ಟ್ ಕೆನಡಾ ಆ ಬೀಗವನ್ನ ಎಲ್ಲ ಕಡೆಯ ಡ್ಯಾಶ್ 8ಗಳಿಗೂ ಬೇಕು ಅಂತ ಆದೇಶ ಮಾಡಿತು.

ನನಗೆ ಈ ಕಥೆಯಲ್ಲಿ ಕೂತುಬಿಟ್ಟಿರೋ ಪ್ರಶ್ನೆ ಇದೇ. ಅಪಾಯ ಎಲ್ಲರಿಗೂ ಗೊತ್ತಿತ್ತು. ಪರಿಹಾರ ಕಪಾಟಿನಲ್ಲಿತ್ತು. ಬೆಲೆ ಪಟ್ಟಿಯೂ ಇತ್ತು. ಕಡ್ಡಾಯ ಮಾಡದಿದ್ದರೆ ಆ ಖರ್ಚನ್ನ ಯಾವ ಲೆಕ್ಕಕ್ಕೆ ಹಾಕ್ತಾರೆ ಅಂತ ಕಾಮರ್ಸ್ ಓದಿದ ಯಾರಿಗಾದರೂ ಗೊತ್ತು. ಮುಂದಿನ ವರ್ಷದ ಲೆಕ್ಕಕ್ಕೆ.

ಆಡಿಟಿಂಗ್ ಪಾಠದಲ್ಲಿ ಆಂತರಿಕ ನಿಯಂತ್ರಣ ಅಂತ ಒಂದು ಅಧ್ಯಾಯ ಬರುತ್ತೆ. ಕ್ಯಾಷಿಯರ್ ಪ್ರಾಮಾಣಿಕರೇ ಇರಬಹುದು, ಆದರೂ ಖಜಾನೆಗೆ ಎರಡು ಬೀಗದ ಕೈ ಇರಬೇಕು ಅಂತ ಅದು ಹೇಳುತ್ತೆ. ಕ್ಯಾಷಿಯರ್ ಮೇಲೆ ಅನುಮಾನ ಅಂತಲ್ಲ, ಆಯಾಸದ ದಿನ, ಅವಸರದ ದಿನ, ಗಾಬರಿಯ ದಿನ ಎಲ್ಲರಿಗೂ ಬರುತ್ತೆ ಅಂತ. ವಿಮಾನದಲ್ಲೂ ಹಾಗೇ. ಮಳೆಮೋಡದ ಮಧ್ಯೆ, ಎಚ್ಚರಿಕೆ ಸದ್ದು ಹೊಡೆದುಕೊಳ್ತಿರುವಾಗ, ಪೈಲಟ್ ಕೈಗೆ ವೇಗ ಇಳಿಸಬೇಕು ಅನ್ನೋದು ಒಂದೇ ತಿಳಿಯೋದು. ಕೈ ಹಿಂದಕ್ಕೆ ಬರುತ್ತೆ. ಇಳಿದ ಮೇಲೆ ಪ್ರತಿ ದಿನ, ಪ್ರತಿ ಸಲ ಆ ಟ್ರಿಗರ್ ಎತ್ತಿ ಅಭ್ಯಾಸ ಆದ ಬೆರಳು ಅದು. ಅಭ್ಯಾಸದ ಬೆರಳಿಗೆ ಕೈಪಿಡಿ ಓದೋಕೆ ಬರಲ್ಲ.

2023ರ ಜನವರಿ 15ರಂದು ನೇಪಾಳದ ಪೊಖರಾದಲ್ಲಿ ಎಟಿಆರ್ 72 ಬಿದ್ದು 72 ಜನ ಸತ್ತದ್ದೂ ನಿಮಗೆ ನೆನಪಿರಬಹುದು. ಅದು ಬೀಟಾದ ಕಥೆ ಅಲ್ಲ. ಫ್ಲ್ಯಾಪ್ ಲಿವರ್ ಬದಲು ಪಕ್ಕದ ಇನ್ನೊಂದು ಜೋಡಿ ಲಿವರ್ ಎಳೆದದ್ದರಿಂದ ಎರಡೂ ಪ್ರೊಪೆಲರ್ ಬಲ ಕಳೆದುಕೊಂಡವು ಅಂತ ತನಿಖೆ ಹೇಳಿತು. ಆದರೆ ಬೇರು ಹತ್ತಿರದ್ದೇ. ಕೈ ಮತ್ತು ಲಿವರ್‌ನ ಮಧ್ಯೆ ಏನಿರಬೇಕು ಅನ್ನೋ ಪ್ರಶ್ನೆ ಅಲ್ಲೂ ಇದೆ.

ನಮ್ಮ ರಾಜ್ಯದ ಮೈಸೂರು, ಹುಬ್ಬಳ್ಳಿ, ಶಿವಮೊಗ್ಗಕ್ಕೆ ಬಂದಿರೋ ಎಟಿಆರ್‌ಗಳ ವಿಷಯ ಏನು ಅಂತ ಕೆಲವರು ಕೇಳಬಹುದು. ಎಟಿಆರ್‌ನಲ್ಲಿ ಐಡಲ್ ಗೇಟ್ ಅನ್ನೋ ಸ್ವಯಂಚಾಲಿತ ತಡೆ ಇದೆ. ಚಕ್ರದ ಮೇಲೆ ಭಾರ ಬಿತ್ತು, ಅಂದ್ರೆ ವಿಮಾನ ನಿಜಕ್ಕೂ ನೆಲದ ಮೇಲಿದೆ ಅಂತ ಗೊತ್ತಾದ ಮೇಲೆ ಅದು ತೆರೆದುಕೊಳ್ಳುತ್ತೆ. ಕೆಟ್ಟರೆ ಪೈಲಟ್ ಮುಂದೆ ದೀಪ ಹತ್ತುತ್ತೆ. ಮುಂದಿನ ಸಲ ನೀವು ಇಳಿಯುವಾಗ ಚಕ್ರ ತಾಗಿದ ಒಂದು ಕ್ಷಣದ ಮೇಲೆ ಪ್ರೊಪೆಲರ್ ಸದ್ದು ಗಡಸಾಗಿ, ವಿಮಾನ ಯಾರೋ ಹಿಂದಿಂದ ಹಿಡಿದ ಹಾಗೆ ನಿಧಾನ ಆಗುತ್ತಲ್ಲ, ಆಗ ಆ ಗೇಟ್ ತೆರೆದಿದೆ ಅಂತ ಅರ್ಥ. ಅದು ಚಕ್ರ ತಾಗಿದ ಮೇಲೆ ತೆರೆಯಿತು, ಮುಂಚೆ ಅಲ್ಲ. ಆ ಒಂದು ಕ್ಷಣದ ವ್ಯತ್ಯಾಸದ ಹಿಂದೆ ಲೂಸಿಯಾನಾ, ಲಕ್ಸೆಂಬರ್ಗ್, ಶಾರ್ಜಾ, ಮಡಾಂಗ್ ಇವೆ.

ಇವತ್ತಿಗೆ ಇಷ್ಟು. ನಿಮ್ಮ ಕೆಲಸದ ಜಾಗದಲ್ಲೂ ನಿಯಮ ಇದ್ದು ಬೀಗ ಇಲ್ಲದ ಇಂಥದ್ದೇನಾದರೂ ಇದ್ದರೆ ಬರೆದು ಕಳಿಸಿ. ಮುಂದಿನ ಕಂತಿನಲ್ಲಿ ಸಿಗೋಣ. ನಮಸ್ಕಾರ.